ಎರಡು ವ್ಯಾಟಿನ ಸಂಸಾರ

ಆ ಓಣಿಗೆ ಹೋಗಿ ಯಾರನ್ನು ಕೇಳಿದರೂ ‘ಎರಡು ವ್ಯಾಟ್ ಯಜಮಾನ’ನ ಮನೆ ತೋರಿಸುತ್ತಿದ್ದರು. ಅವನ ನಿಜವಾದ ಹೆಸರು ಕರೆಂಟು ಬಿಲ್ಲಿನ ಮೇಲೆ ಮಾತ್ರ ಬದುಕಿತ್ತು. ಹಿಂದಿನ ರೇಡಿಯೋಗಳಲ್ಲಿರುತ್ತಿದ್ದಂಥ ಗಾಜಿನ ವಾಲ್ವು ಹಾಕಿ, ಹಳೇ ಕ್ರಮದಲ್ಲಿ ಆಂಪ್ಲಿಫೈಯರ್ ಕಟ್ಟುವುದು ಅವನ ಕಸುಬು. ಅಂಗಡಿಯವರು ಇನ್ನೂರು ವ್ಯಾಟ್, ಐನೂರು ವ್ಯಾಟ್ ಎಂದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ಮಾರುವ ಕಾಲದಲ್ಲಿ ಇವನ ಆಂಪ್ಲಿ ಕೊಡುತ್ತಿದ್ದದ್ದು ಬರೀ ಎರಡು ವ್ಯಾಟ್. ಅದನ್ನು ಮುಚ್ಚಿಡುವ ಬದಲು ಅವನು ಎದೆಯುಬ್ಬಿಸಿ ಹೇಳಿಕೊಂಡು ತಿರುಗುತ್ತಿದ್ದ. ಹೆಸರು ಹಾಗೆ ಅಂಟಿಕೊಂಡಿತು.

“ಎರಡು ವ್ಯಾಟಲ್ಲಿ ಏನು ಸ್ವಾಮಿ ಕೇಳ್ಸುತ್ತೆ? ಸೊಳ್ಳೆ ಸಂಗೀತಾನಾ?” ಎಂದು ಬಂದವರು ನಕ್ಕರೆ ಅವನೂ ಜೊತೆಗೆ ನಕ್ಕು, ಮುಂದಿನ ಕೋಣೆಯ ಒಂಟಿ ಕುರ್ಚಿ ತೋರಿಸುತ್ತಿದ್ದ. ಕೂರಬೇಕು, ವಾಲ್ವುಗಳು ಬಿಸಿಯಾಗಿ ಕೆಂಪಗಾಗುವ ತನಕ ಬಾಯಿ ಮುಚ್ಚಿಕೊಂಡಿರಬೇಕು. ಆಮೇಲೆ ಹಾಡು. ಹಾಡುವವಳು ಎರಡು ಸಾಲಿನ ನಡುವೆ ಉಸಿರೆಳೆದುಕೊಂಡದ್ದು, ವಾದ್ಯದ ತಂತಿಯ ಮೇಲೆ ಬೆರಳು ಜಾರಿದ್ದು, ಎಲ್ಲವೂ ಕೈಗೆಟುಕುವ ದೂರದಲ್ಲಿ ನಡೆದ ಹಾಗೆ ಕೇಳುತ್ತಿತ್ತು. ದನಿ ಏರಿದಾಗ ಕಿಟಕಿಯ ಗಾಜು ಝಣ್ ಎನ್ನುತ್ತಿತ್ತು. ನಕ್ಕವರು ಪಿಳಿಪಿಳಿ ಕಣ್ಣು ಬಿಡುತ್ತಿದ್ದರು. “ಎರಡೇ ವ್ಯಾಟ್,” ಎಂದು ಯಜಮಾನ ಮೀಸೆಯಡಿಯಲ್ಲಿ ನಗುತ್ತಿದ್ದ.

ಅವನು ಹೇಳದೆ ಬಿಡುತ್ತಿದ್ದ ಇನ್ನರ್ಧ ಮಾತು ಅದೇ ಕೋಣೆಯ ಎದುರು ಗೋಡೆಗೆ ಒರಗಿ ನಿಂತಿರುತ್ತಿತ್ತು. ಸ್ಪೀಕರುಗಳಲ್ಲಿ ಎರಡು ಬಗೆ. ಕೆಲವು, ಕಿವಿಯಲ್ಲಿ ಪಿಸುಗುಟ್ಟಿದರೂ ಎದ್ದು ಬಂದು ಕೆಲಸ ಮಾಡುತ್ತವೆ. ಕೆಲವಕ್ಕೆ ಬೆನ್ನಿಗೆ ಗುದ್ದಬೇಕು. ಈಗಿನ ಸಪೂರ ಸೊಂಟದ ಚೆಂದದ ಸ್ಪೀಕರುಗಳೆಲ್ಲ ಗುದ್ದಿಸಿಕೊಳ್ಳುವ ಬಗೆಯವು. ಅವಕ್ಕೆ ಎರಡು ವ್ಯಾಟ್ ಎಂದರೆ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಯಜಮಾನನ ಕೋಣೆಯಲ್ಲಿದ್ದವು ಮಾತ್ರ ಪಿಸುಮಾತಿಗೆ ಏಳುವಂಥವು. ಆಳೆತ್ತರದ ಮರದ ಪೆಟ್ಟಿಗೆ, ಅದರ ಬಾಯಲ್ಲಿ ಅಗಲವಾಗಿ ಅರಳಿಕೊಂಡ ಮರದ ಹಾರ್ನು. ಎತ್ತಲು ಇಬ್ಬರು ಗಂಡಸರು ಬೇಕು. ಆ ದೈತ್ಯರ ನಡುವೆ ಊಟದ ಡಬ್ಬಿಯಷ್ಟು ಗಾತ್ರದ ಆಂಪ್ಲಿ ನೋಡಿ ಎದುರುಮನೆಯ ದರ್ಜಿ, “ಮೂಗಿಗಿಂತ ಮೂಗುತಿ ಭಾರ,” ಎಂದು ಆಡಿಕೊಳ್ಳುತ್ತಿದ್ದ. ಆ ಪೆಟ್ಟಿಗೆಗಳನ್ನು ಮಾಡುತ್ತಿದ್ದವನು ಯಜಮಾನನ ಭಾವಮೈದುನ. ಓಣಿಯಲ್ಲಿ ಅವನಿಗೆ ಡಬ್ಬಣ್ಣ ಎಂದೇ ಹೆಸರು.

ಇವರಿಬ್ಬರ ನಡುವೆ ಇದ್ದವಳು ತಂತಿಯಕ್ಕ. ಒಬ್ಬನ ಹೆಂಡತಿ, ಇನ್ನೊಬ್ಬನ ಅಕ್ಕ. ವಾಲ್ವಿನಿಂದ ಬರುವ ಕರೆಂಟು ನೇರವಾಗಿ ಸ್ಪೀಕರಿಗೆ ಒಗ್ಗುವುದಿಲ್ಲ. ಒಂದರ ಗುಣ ಒಂದಕ್ಕಿಲ್ಲ. ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಕೂತು ಅದರ ಮಾತನ್ನು ಇದಕ್ಕೆ ತಿಳಿಯುವಂತೆ ಮಾಡಿ ದಾಟಿಸಬೇಕು. ಅದನ್ನು ಸುತ್ತುತ್ತಿದ್ದವಳು ಅವಳು. ಕಿಟಕಿಯ ಪಕ್ಕದಲ್ಲಿ ಕೈಯಿಂದ ತಿರುಗಿಸುವ ಒಂದು ಪುಟ್ಟ ಮಿಷನ್ನು. ಕೂದಲೆಳೆಯಂಥ ತಾಮ್ರದ ತಂತಿ, ಒಂದು ವರಸೆ ತಂತಿ ಮುಗಿದ ಮೇಲೆ ಒಂದು ಪದರ ಕಾಗದ, ಮತ್ತೆ ತಂತಿ. ಯಾವ ಸ್ಪೀಕರಿಗೆ ಜೋಡಿಸುತ್ತಾರೋ ಅದರ ಅಳತೆಗೇ ಸುತ್ತಬೇಕು. ಚಪ್ಪಲಿ ಹೊಲಿಯುವವನು ಕಾಲು ನೋಡಿ ಹೊಲಿಯುವ ಹಾಗೆ. ಒಂದು ಸೀನು ಬಂದರೂ ತಂತಿ ಪಟ್ಟೆಂದು ಹರಿಯುತ್ತದೆ. ಹಾಗಾಗಿ ಅವಳು ಸುತ್ತುವಾಗ ಮನೆಯಲ್ಲಿ ಯಾರೂ ಮೆಣಸಿನಕಾಯಿ ಹುರಿಯುವಂತಿರಲಿಲ್ಲ, ಅವಳೂ ಸೇರಿ.

ಹೀಗೆ ಸುತ್ತಿದ ತಂತಿಯ ಕಾಯಿಲ್ ಮುಗಿದು ಮೀಟರಿನಲ್ಲಿ ಪಾಸಾದ ಮೇಲೆ ಯಜಮಾನ ಒಂದು ಕೆಲಸ ಮಾಡುತ್ತಿದ್ದ. ಹೊರಗಿನ ಕಾಗದದ ಅಂಚು ಕೂಡುವ ಜಾಗದ ಮೇಲೆ ಪೆನ್ಸಿಲಿನಿಂದ ಅಡ್ಡಲಾಗಿ ಒಂದು ಗೀಟು ಎಳೆಯುತ್ತಿದ್ದ. ಮುಂದೆ ಯಾರಾದರೂ ಕಾಯಿಲ್ ಬಿಚ್ಚಿ ಕೈಯಾಡಿಸಿದರೆ ಗೀಟಿನ ಎರಡು ತುದಿ ಮತ್ತೆ ಸರಿಯಾಗಿ ಕೂಡುವುದಿಲ್ಲ. ಗೀಟು ಕೂಡಿದ್ದರೆ ಕಾಯಿಲ್ ಬಿಚ್ಚಿಲ್ಲ ಎಂದು ಅರ್ಥ. ಅವಳ ಕೆಲಸದ ಮೇಲೆ ಬೀಳುತ್ತಿದ್ದ ಗುರುತು ಅದೊಂದೇ, ಅದೂ ಅವನ ಕೈಯದು.

ಮನೆಗೆ ಒಂದು ಕಟ್ಟಳೆಯಿತ್ತು. ಜೋಡಿ ಬಿಡಿಸಿ ಮಾರುವುದಿಲ್ಲ. ಆಂಪ್ಲಿ ಬೇಕೆಂದವನು ಸ್ಪೀಕರನ್ನೂ ಒಯ್ಯಬೇಕು. ಆಗದಿದ್ದರೆ ಕೈಮುಗಿದು ಕಳಿಸುವುದು. ಕಟ್ಟಳೆ ಮಾಡಿದವನೂ ಯಜಮಾನನೇ, ಮುರಿದವನೂ ಅವನೇ.

ಜಗಳ ಹುಟ್ಟಿದ್ದು ಹಿತ್ತಾಳೆಯ ತಗಡಿನಿಂದ. ಆಂಪ್ಲಿಯ ಮುಂದೆ ಯಜಮಾನ ತನ್ನ ಹೆಸರು ಕೊರೆಸಿದ ಪುಟ್ಟ ತಗಡೊಂದನ್ನು ಕೂರಿಸಿದ. ಡಬ್ಬಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಚೆನ್ನಾಗಿದೆ ಭಾವ. ಪೆಟ್ಟಿಗೆಗೂ ಒಂದು ಮಾಡಿಸಿಬಿಡಿ, ನನ್ನ ಹೆಸರಲ್ಲಿ,” ಎಂದ.

“ಮರದ ಡಬ್ಬಕ್ಕೆ ಹೆಸರು ಬೇರೆ ಕೇಡಾ? ನಾಳೆ ಸ್ಟೂಲಿಗೂ ಹಾಕಿಸು ಅಂತೀಯ.”

“ಆ ಡಬ್ಬ ಇಲ್ದೆ ನಿಮ್ಮ ಎರಡು ವ್ಯಾಟು ಪಕ್ಕದ ಮನೇಗಲ್ಲ, ಪಕ್ಕದ ಕುರ್ಚಿಗೂ ಕೇಳ್ಸಲ್ಲ.”

ಇಬ್ಬರೂ ನಿಜ ಹೇಳುವವರಲ್ಲ. ಆ ದಿನ ಒಬ್ಬ ಹೇಳಿಬಿಟ್ಟ. ಮಾತಿಗೆ ಮಾತು ಬೆಳೆಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಸಂಜೆಯೊಳಗೆ ಡಬ್ಬಣ್ಣ ಒಂದು ಟೆಂಪೋ ತಂದು, ತನ್ನ ಗರಗಸ, ಉಳಿ, ಹಾರ್ನು, ಪೆಟ್ಟಿಗೆ ಎಲ್ಲವನ್ನೂ ಹೇರಿಕೊಂಡು ಎರಡು ಬೀದಿಯಾಚೆ ಒಂದು ಷೆಡ್ಡು ಹಿಡಿದ. ಅಕ್ಕನ ಕಡೆ ತಿರುಗಿ ಹೋಗಿ ಬರುತ್ತೇನೆ ಎಂದೂ ಹೇಳಲಿಲ್ಲ. ಅದುವರೆಗೆ ಅವನು ಕೆಲಸ ಮಾಡುತ್ತಿದ್ದ ಮನೆಯ ಹಿತ್ತಲ ಷೆಡ್ಡಿನಲ್ಲಿ ಮರದ ಹೊಟ್ಟು ಮಾತ್ರ ಉಳಿಯಿತು. ತಂತಿಯಕ್ಕ ಅದನ್ನು ಗುಡಿಸಲಿಲ್ಲ.

ತಾಯಿ ಹೋದಾಗ ಆ ತಮ್ಮ ಅವಳ ಸೊಂಟದೆತ್ತರ ಇದ್ದ. ಅವನ ಮೂಗು ಒರೆಸಿದವಳು, ಸ್ಲೇಟು ಹಿಡಿಸಿದವಳು, ಮದುವೆಯಾಗಿ ಬರುವಾಗ “ಇವನೂ ಬರ್ತಾನೆ, ಒಪ್ಪಿದ್ರೆ ಸರಿ” ಎಂದು ನಿಂತು ಹೇಳಿದವಳು ಅವಳು. ಅವಳ ಮಟ್ಟಿಗೆ ಸಂಸಾರವೆಂದರೆ ಆ ಇಬ್ಬರು ಒಂದೇ ಸೂರಿನಡಿ ಬೈದಾಡಿಕೊಂಡು ಕೆಲಸ ಮಾಡುವುದು. ಅದು ಹೋದ ಮೇಲೆ ಊಟದ ಡಬ್ಬಿ ಹಿಡಿದು ಎರಡು ಬೀದಿ ದಾಟುವುದೊಂದು ಹೊಸ ಕೆಲಸ ಗಂಟುಬಿತ್ತು. ಅಲ್ಲಿ ತಮ್ಮ ಭಾವನನ್ನು ಬೈಯುತ್ತಿದ್ದ, ಇಲ್ಲಿ ಭಾವ ತಮ್ಮನನ್ನು. ಅವಳು ಎರಡೂ ಕಡೆ ಕೇಳಿಸಿಕೊಂಡು, ಎರಡೂ ಕಡೆಯ ಬಿಸಿ ತಗ್ಗಿಸಿ, ಹೇಳಬಹುದಾದಷ್ಟನ್ನು ಮಾತ್ರ ದಾಟಿಸುತ್ತಿದ್ದಳು. ಸುತ್ತುವ ಮಿಷನ್ನಿನ ಮುಂದೆ ಕೂತಾಗಲೂ ಅವಳ ಕೆಲಸ ಅದೇ ಆಗಿತ್ತು. ಅಲ್ಲಿ ಕನಿಷ್ಠ ತಂತಿ ತಿರುಗಿ ಬೈಯುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಹಲ್ಲಿನ ಡಾಕ್ಟರು ಬಂದರು. ಯಾರದೋ ಮನೆಯಲ್ಲಿ ಯಜಮಾನನ ಜೋಡಿ ಕೇಳಿ ಮರುಳಾಗಿದ್ದರು. “ಆದ್ರೆ ನನಗೆ ಆಂಪ್ಲಿ ಮಾತ್ರ ಸಾಕು. ಸ್ಪೀಕರ್ ಹೋದ ತಿಂಗಳಷ್ಟೇ ತಗೊಂಡಿದ್ದೀನಿ. ಒಳ್ಳೇ ಕಂಪನೀದು, ನೋಡೋಕೂ ಚೆನ್ನಾಗಿದೆ. ಆ ಬೀರುವಿನಂಥವನ್ನು ತಂದ್ರೆ ನಮ್ಮನೆಯೋಳು ನನ್ನನ್ನೇ ಹೊರಗೆ ಹಾಕ್ತಾಳೆ.”

ಬೇರೆ ದಿನವಾಗಿದ್ದರೆ ಯಜಮಾನ ಕೈಮುಗಿದು ಕಳಿಸುತ್ತಿದ್ದ. ಆದರೆ ಹಿತ್ತಲ ಷೆಡ್ಡು ಬರಿದಾಗಿತ್ತು, ‘ಪಕ್ಕದ ಕುರ್ಚಿಗೂ ಕೇಳ್ಸಲ್ಲ’ ಎಂಬ ಮಾತು ಎದೆಯೊಳಗೆ ಮುರಿದ ಮುಳ್ಳಾಗಿ ಕೂತಿತ್ತು. “ಅದಕ್ಕೇನು ಡಾಕ್ಟ್ರೇ, ಆಂಪ್ಲಿ ಒಳ್ಳೇದಿದ್ರೆ ಯಾವ ಸ್ಪೀಕರ್ ಆದ್ರೂ ಹಾಡುತ್ತೆ,” ಎಂದ.

ತಂತಿಯಕ್ಕ ಕಿಟಕಿಯ ಬಳಿಯಿಂದ ತಲೆಯೆತ್ತಿ ನೋಡಿದಳು. ಆ ಮಾತನ್ನು ಈ ಮನುಷ್ಯನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಡಾಕ್ಟರು ಹೋದ ಮೇಲೆ ಮೆತ್ತಗೆ ಹೇಳಿದಳು.

“ರೀ, ಸಿದ್ಧವಾಗಿರೋ ಈ ಕಾಯಿಲ್ ಸುತ್ತಿದ್ದು ನಮ್ಮ ಹಾರ್ನಿಗೆ. ಡಾಕ್ಟ್ರ ಸ್ಪೀಕರಿನ ಅಳತೆ ಬೇರೆ. ಬೇರೆ ಸುತ್ತಿಕೊಡ್ತೀನಿ, ಸ್ವಲ್ಪ ತಡೀರಿ. ಹಾಗೆ ಸುತ್ತಿದ್ರೂ ಅವು ಎರಡು ವ್ಯಾಟಿಗೆ ಏಳೋ ಪೈಕಿ ಅಲ್ಲ.”

“ಸುತ್ತೋದು ನಿನ್ನ ಕೆಲಸ. ಯೋಚನೆ ಮಾಡೋದು ನನಗಿರಲಿ.”

“ನೀವೇ ಅಲ್ವಾ ಹೇಳ್ತಿದ್ದಿದ್ದು, ಜೋಡಿ ಬಿಡಿಸಿದ್ರೆ...”

“ತಮ್ಮನ ವಕಾಲತ್ತು ಶುರುವಾಯ್ತು,” ಎಂದು ಅವನು ಎದ್ದು ಹೋದ. ಆ ಮನೆಯಲ್ಲಿ ಅವಳು ಏನೇ ಹೇಳಲಿ, ಅದು ತಮ್ಮನ ಪರ ಇಲ್ಲವೇ ಗಂಡನ ಪರ. ಅವಳದೇ ಪರವಾಗಿಯೂ ಒಂದು ಮಾತಿರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಹೊಳೆದಿರಲಿಲ್ಲ.

ಭಾನುವಾರ ಬೆಳಗ್ಗೆ ಡಾಕ್ಟರ ಮನೆಗೆ ಹೋದರು. ಡಾಕ್ಟರ ಹೆಂಡತಿ ಇಬ್ಬರನ್ನೂ ಕರೆದಿದ್ದರಿಂದ ತಂತಿಯಕ್ಕನೂ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಹೊರಟಳು. ದೊಡ್ಡ ಕೋಣೆ, ಕಾಲು ಹೂತುಹೋಗುವ ಜಮಖಾನ, ಮೂಲೆಗಳಲ್ಲಿ ಕಪ್ಪಗೆ ಮಿರುಗುವ ಎರಡು ಸಪೂರ ಸ್ಪೀಕರು. ಕೇಳಲೆಂದು ಡಾಕ್ಟರು ಸ್ನೇಹಿತರಿಬ್ಬರನ್ನು ಬೇರೆ ಕರೆಸಿದ್ದರು. ಯಜಮಾನ ವಾಲ್ವಿನ ಬಗ್ಗೆ ಭಾಷಣ ಮಾಡಿದ. ವಾಲ್ವು ಕೆಂಪಗಾದವು. ಎಲ್ಲರೂ ‘ಆಹಾ’ ಎಂದರು. ಹಾಡು ಹಾಕಿದ.

ಎಲ್ಲರೂ ಕಿವಿಗೊಟ್ಟು ಮುಂದಕ್ಕೆ ಬಾಗಿದರು. ಆಮೇಲೆ ಸ್ನೇಹಿತರಲ್ಲೊಬ್ಬರು, ಕುಹಕವೇನೂ ಇಲ್ಲದೆ, ನಿಜಕ್ಕೂ ತಿಳಿಯಲೆಂದೇ ಕೇಳಿದರು: “ಶುರು ಆಯ್ತಾ?”

ಶುರುವಾಗಿತ್ತು. ಹಾಡುವವಳು ಮೂರು ಮನೆಯಾಚೆ, ಬಾಗಿಲು ಹಾಕಿಕೊಂಡು ಹಾಡುತ್ತಿದ್ದಳು. ಯಜಮಾನ ಗುಂಡಿ ತಿರುಗಿಸಿದ. ಎರಡು ಮನೆಯಾಚೆಗೆ ಬಂದಳು. ಇನ್ನೂ ತಿರುಗಿಸಿದ; ತುದಿ ಮುಟ್ಟಿಸಿದ. ದನಿ ಹತ್ತಿರ ಬರುವ ಬದಲು ಪರ್ರನೆ ಹರಿಯಿತು. ಎಳೆದೆಳೆದು ಬಟ್ಟೆ ಹರಿದ ಸದ್ದು. ಡಾಕ್ಟರ ಹೆಂಡತಿ ಒಳಗೆ ಕಾಫಿ ನೋಡಲು ಎದ್ದರು. ಸ್ನೇಹಿತರು ಜಮಖಾನದ ಚಿತ್ತಾರ ನೋಡತೊಡಗಿದರು.

ತಂತಿಯಕ್ಕ ಗಂಡನನ್ನೇ ನೋಡುತ್ತಿದ್ದಳು. ಅವನ ಕತ್ತಿನ ಮೇಲೆ ಬೆವರು ಇಳಿಯುವುದು ಕಾಣುತ್ತಿತ್ತು. ಅಯ್ಯೋ, ಆರಿಸಿಬಿಡಿ, ಮನೆಗೆ ಹೋಗೋಣ ಎಂದು ಕೂಗಬೇಕೆನ್ನಿಸಿತು. ಆ ಗಳಿಗೆಯಲ್ಲಿ ಅವಳಿಗೆ ಅವನ ಮೇಲೆ ಬಂದದ್ದು ಬರೀ ಕನಿಕರ. ಅದೇ ಗಳಿಗೆಯಲ್ಲಿ ಅವನು ಆಂಪ್ಲಿಯ ಹಿಂದೆ ಬಗ್ಗಿ, ಏನನ್ನೋ ಮುಟ್ಟಿ ನೋಡಿ, ಎದ್ದು ನಿಂತ.

“ಗೊತ್ತಾಯ್ತು. ಟ್ರಾನ್ಸ್‌ಫಾರ್ಮರ್ ಕೈಕೊಟ್ಟಿದೆ,” ಎಂದ. ಆಮೇಲೆ ಅವಳ ಕಡೆ ಕೈ ತೋರಿಸಿ ನಕ್ಕ. “ಇವಳು ಮನೇಲಿ ಸುತ್ತೋದು. ಅಡುಗೆ, ಕಸಮುಸುರೆ ಅಂತ ನಡುನಡುವೆ ಎದ್ದು ಹೋಗ್ತಿರ್ತಾಳೆ ನೋಡಿ, ಸುತ್ತು ತಪ್ಪಿದೆ. ಹೆಂಗಸರ ಕೈಕೆಲಸ, ಏನು ಮಾಡೋದು.”

ಎಲ್ಲರೂ ಅವಳನ್ನು ನೋಡಿದರು. ಎಲ್ಲರ ಮುಖದಲ್ಲೂ ಬಿಡುಗಡೆಯಿತ್ತು. ನಾಚಿಕೆಪಡಬೇಕಾದ ಮನುಷ್ಯ ಸಿಕ್ಕಿದ್ದರಿಂದ ಉಳಿದವರು ಆರಾಮಾಗಿ ಕೂರಬಹುದಾಗಿತ್ತು. ಡಾಕ್ಟರ ಹೆಂಡತಿ ಅವಳ ಕೈಗೆ ಕಾಫಿ ಕೊಟ್ಟು, “ಪರವಾಗಿಲ್ಲಮ್ಮ, ಆಗುತ್ತೆ,” ಎಂದು ಭುಜ ತಟ್ಟಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಯಲಾರದವನು ನೆಲ ಸಾರಿಸಿದವಳನ್ನು ತೋರಿಸಿದ. ತಂತಿಯಕ್ಕನ ನಾಲಗೆಯ ತುದಿಯಲ್ಲಿ ಉತ್ತರ ಇತ್ತು. ಅದನ್ನು ಆಡಿದರೆ ನಾಲ್ಕು ಜನರ ಮುಂದೆ ಗಂಡ ಸುಳ್ಳನಾಗುತ್ತಿದ್ದ. ಕಾಫಿಯ ಜೊತೆ ನುಂಗಿದಳು.

ಮನೆಗೆ ಬಂದವಳೇ ಬಟ್ಟೆ ಕೂಡ ಬದಲಿಸದೆ ಆಂಪ್ಲಿಯನ್ನು ಮೇಜಿನ ಮೇಲಿಟ್ಟು, ಕಾಯಿಲಿಗೆ ಮೀಟರು ಹಚ್ಚಿದಳು. ಒಂದೊಂದೇ ತುದಿ, ಒಂದೊಂದೇ ವರಸೆ. ಮುಳ್ಳು ನಿಲ್ಲಬೇಕಾದಲ್ಲೇ ನಿಂತಿತು. “ಕಾಯಿಲ್ ಸರಿಯಾಗಿದೆ ರೀ. ಬಂದು ನೋಡಿ.”

ಅವನು ಬಂದು ನೋಡಲಿಲ್ಲ. ನಿಂತಲ್ಲಿಂದಲೇ ಕೇಳಿದ: “ಹಾಗಾದ್ರೆ ತಪ್ಪು ನಂದಾ?”

ಆ ಪ್ರಶ್ನೆಗೆ ಹೌದೆಂದು ಹೇಳಿದವನು ಆ ಮನೆಯಲ್ಲಿ ಒಬ್ಬನೇ. ಅವನೀಗ ಎರಡು ಬೀದಿಯಾಚೆ ಇದ್ದ. ಅವಳು ಮೀಟರಿನ ವೈರು ಸುತ್ತಿಟ್ಟಳು.

ಮರುದಿನ ಊಟದ ಡಬ್ಬಿ ಹಿಡಿದು ತಮ್ಮನ ಷೆಡ್ಡಿಗೆ ಹೋದಾಗ ಅವಳಲ್ಲಿ ಒಂದು ಆಸೆಯಿತ್ತು. ಇವನಾದರೂ ತನ್ನವನು. ಹಾರ್ನು ಮಾಡುವವನು, ವಿಷಯ ಬಲ್ಲವನು. ಎರಡು ಪೆಟ್ಟಿಗೆ ತಂದು ಆ ಆಂಪ್ಲಿಗೆ ಜೋಡಿಸಿದರೆ ಒಂದೇ ಹಾಡಿನಲ್ಲಿ ಎಲ್ಲ ತಿಳಿಯಾಗುತ್ತದೆ. ನಡೆದದ್ದನ್ನೆಲ್ಲ ಹೇಳಿದಳು. ಡಬ್ಬಣ್ಣ ಉಣ್ಣುತ್ತ ಕೇಳಿದ, ‘ಶುರು ಆಯ್ತಾ’ ಎಂಬಲ್ಲಿಗೆ ಬಂದಾಗ ತುತ್ತು ನೆತ್ತಿಗೇರುವಂತೆ ನಕ್ಕ. ಅವಳು ನೀರು ಕೊಟ್ಟು ನೆತ್ತಿ ತಟ್ಟಿದಳು. ಅವಳಿಗೂ ನಗು ಬಂತು; ಬಹಳ ದಿನದ ಮೇಲೆ ಇಬ್ಬರೂ ಕೂಡಿ ನಕ್ಕರು.

“ಹಾಗಾದ್ರೆ ಪೆಟ್ಟಿಗೆ ತರ್ತೀಯಾ?”

ಡಬ್ಬಣ್ಣ ನಗು ನಿಲ್ಲಿಸಿ ಷೆಡ್ಡಿನ ಸುತ್ತ ನೋಡಿದ. ಮಾಡಿಟ್ಟ ಪೆಟ್ಟಿಗೆಗಳು ಗೋಡೆಗೆ ಮುಖ ಮಾಡಿ ನಿಂತಿದ್ದವು. ಅವನ್ನು ದೊಡ್ಡ ಆಂಪ್ಲಿಗೆ ಜೋಡಿಸಿ ಗಿರಾಕಿಗಳಿಗೆ ಕೇಳಿಸಲು ನೋಡಿದ್ದ. ಪಿಸುಮಾತಿಗೆ ಏಳುವ ಕಿವಿಗೆ ಅಂಥ ಆಂಪ್ಲಿಯ ಒಳಗಿನ ಬುಸ್ ಎನ್ನುವ ಸದ್ದೂ ಹಾಡಿನಷ್ಟೇ ಜೋರಾಗಿ ಕೇಳುತ್ತಿತ್ತು. ಒಬ್ಬ ಗಿರಾಕಿಯಂತೂ ಗ್ಯಾಸು ಸೋರುತ್ತಿದೆಯೇ ಎಂದು ಕೇಳಿದ್ದನಂತೆ. ಡಬ್ಬಣ್ಣನಿಗೂ ವಾಪಸು ಬರಬೇಕಿತ್ತು. ಬಾಗಿಲು ಬೇಕಿತ್ತು, ತಲೆ ಬಗ್ಗಿಸದೆ ದಾಟಬಹುದಾದಷ್ಟು ಎತ್ತರದ ಬಾಗಿಲು.

“ಅಕ್ಕ, ಒಂದು ಮಾತು. ಕಾಯಿಲ್‌ದೇ ತಪ್ಪು ಅಂತ ಇಟ್ಕೊ.”

“ಏನು ಇಟ್ಕೊಳ್ಳೋದು? ತಪ್ಪಿಲ್ಲ ಅಂತ ಹೇಳಿದ್ನಲ್ಲ.”

“ಗೊತ್ತು ಕಣಕ್ಕ, ನನಗೆ ಗೊತ್ತಿಲ್ವಾ? ಆದ್ರೆ ನೋಡು, ಭಾವ ತಪ್ಪು ಅಂದ್ರೆ ಅವರು ಸತ್ರೂ ಒಪ್ಪಲ್ಲ. ನಾನು ಹೋಗಿ ಕಾಲು ಹಿಡೀಬೇಕು ಅಂದ್ರೆ ನನ್ನ ಕೈಲೂ ಆಗಲ್ಲ. ನೀನು ಒಂದು ಮಾತು ಹೇಳಿಬಿಟ್ರೆ... ಕೈ ತಪ್ಪಿತು, ಕಣ್ಣು ಮೊದಲಿನ ಹಾಗಿಲ್ಲ ಅಂತ... ಅವರಿಗೂ ಸೋತ ಹಾಗಾಗಲ್ಲ, ನನಗೂ ಸೋತ ಹಾಗಾಗಲ್ಲ. ನಿಂಗೇನು ಹೋಗುತ್ತೆ?”

ನಿಂಗೇನು ಹೋಗುತ್ತೆ! ಅವಳು ತಮ್ಮನ ಮುಖವನ್ನೇ ನೋಡಿದಳು. ಮೀಸೆ ಬಂದಿತ್ತು, ಮೀಸೆಯಲ್ಲಿ ಮರದ ಹೊಟ್ಟು ಸಿಕ್ಕಿಕೊಂಡಿತ್ತು. ಆ ಮುಖಕ್ಕೆ ತನ್ನ ಸೆರಗಿನಿಂದ ಮೂಗು ಒರೆಸಿದ್ದು ನೆನಪಾಯಿತು. ಸಿಟ್ಟು ಬರಬೇಕಾಗಿತ್ತು, ಬಂದದ್ದು ಸುಸ್ತು. ಬರಿದಾದ ಡಬ್ಬಿ ಎತ್ತಿಕೊಂಡು ಹೊರಟಳು. ದಾರಿಯಲ್ಲಿ ತಾನೇ ತನಗೆ ಸಮಾಧಾನ ಹೇಳಿಕೊಂಡಳು. ಮಾತೊಂದರಿಂದ ಮನೆ ಕೂಡುವುದಾದರೆ ಮಾತು ತಾನೇ, ಹೋಗಲಿ. ಕೂಡಿದ ಮೇಲೆ ಅವರಿಗೇ ನಾಚಿಕೆಯಾಗಿ ಒಂದು ದಿನ ನಿಜ ಹೇಳುತ್ತಾರೆ. ಅಷ್ಟು ನಂಬಿಕೆ ಅವಳಿಗಿನ್ನೂ ಉಳಿದಿತ್ತು.

ಆ ಸಂಜೆ ಗಂಡನಿಗೆ ಹೇಳಿದಳು: “ಮತ್ತೆ ನೋಡಿದೆ ರೀ. ನನ್ನ ಕೈಯೇ ತಪ್ಪಿರಬೇಕು.”

ಯಜಮಾನ ಎಷ್ಟು ದೊಡ್ಡ ಮನುಷ್ಯನಾದ ಎಂದರೆ, ಆ ಮನೆಯಲ್ಲಿ ಅಷ್ಟು ಜಾಗವೇ ಇರಲಿಲ್ಲ. “ತಪ್ಪು ಯಾರಿಗಾದ್ರೂ ಆಗುತ್ತೆ ಕಣೇ. ಮನಸ್ಸಿಗೆ ಹಚ್ಕೋಬೇಡ,” ಎಂದು ಕ್ಷಮಿಸಿದ. ಮೂರು ದಿನದಲ್ಲಿ ಟೆಂಪೋ ಮರಳಿ ಬಂತು. ಭಾವ, ಭಾವಮೈದ ಇಬ್ಬರೂ ಸೇರಿ ಪೆಟ್ಟಿಗೆ ಇಳಿಸಿದರು. “ಭಾರ ಜಾಸ್ತಿಯಾಗಿದೆ ಕಣೋ.” “ನಿಮಗೆ ವಯಸ್ಸು ಜಾಸ್ತಿಯಾಗಿದೆ ಭಾವ.” ಹಿತ್ತಲಿನಿಂದ ಗರಗಸದ ಸದ್ದು ಕೇಳಿದಾಗ ಒಲೆಯ ಮುಂದಿದ್ದ ತಂತಿಯಕ್ಕನಿಗೆ ಕಣ್ಣು ತುಂಬಿ ಬಂತು. ಅದೊಂದು ಸಂಜೆ ಅವಳು ನಿಜವಾಗಿ ಸುಖವಾಗಿದ್ದಳು. ಅದನ್ನು ಇಲ್ಲವೆನ್ನುವುದು ಸರಿಯಲ್ಲ.

ಇನ್ನು ಉಳಿದದ್ದು ಕಾಯಿಲ್. ತಪ್ಪಾದ ಕಾಯಿಲನ್ನು ಬಿಚ್ಚಿ ಮತ್ತೆ ಸುತ್ತಬೇಕಲ್ಲ! ಯಜಮಾನ ಅದನ್ನು ಕಳಚಿ ತಂದು ಅವಳ ಮುಂದಿಟ್ಟ. “ಈ ಸಲ ನಡುವೆ ಏಳಬೇಡ.” ಅವಳು ಮಿಷನ್ನಿನ ಮುಂದೆ ಕೂತು ಹಿಡಿಕೆ ತಿರುಗಿಸಿದಳು. ಕಟಕಟ ಕಟಕಟ ಎಂದು ಸದ್ದು ಮನೆ ತುಂಬಿತು. ಮಿಷನ್ನಿನಲ್ಲಿ ತಂತಿ ಇರಲಿಲ್ಲ, ಬರೀ ಗಾಳಿ ಸುತ್ತುತ್ತಿತ್ತು. ಕಾಯಿಲ್ ಪಕ್ಕದ ಹಲಗೆಯ ಮೇಲೆ ಕಾಗದದ ಮೈಯಲ್ಲಿ, ಯಜಮಾನನ ಪೆನ್ಸಿಲ್ ಗೀಟಿನ ಸಮೇತ, ಹೇಗಿತ್ತೋ ಹಾಗೆ ಕೂತಿತ್ತು. ಹೀಗೆ ಕೆಲವು ದಿನ ಗಾಳಿ ಸುತ್ತಿ, ಕಾಯಿಲನ್ನು ಹಾಗೇ ತಂದು ಗಂಡನ ಕೈಗಿಟ್ಟಳು.

ಅವನು ಅಭ್ಯಾಸದಂತೆ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಗೀಟು ಬಂತು. ಕಾಗದದ ಅಂಚಿನ ಈಚೆಯಿಂದ ಆಚೆಗೆ, ಕೂದಲಷ್ಟೂ ಸರಿಯದೆ, ಒಂದೇ ಎಳೆಯಾಗಿ ಕೂಡಿದ ಗೀಟು. ಅವನ ಕೈ ನಿಂತಿತು. ತಂತಿಯಕ್ಕ ಅವನ ಬಾಯಿಯನ್ನೇ ನೋಡಿದಳು. ಈಗ ಕೇಳುತ್ತಾನೆ. ಏನೇ ಇದು, ಬಿಚ್ಚೇ ಇಲ್ಲವಲ್ಲ ಎನ್ನುತ್ತಾನೆ. ಬೈಯಲಿ, ಬೈದರೂ ಅದು ನಿಜದ ಬಾಗಿಲು ತೆರೆದ ಹಾಗೆ.

ಅವನು ಹೆಬ್ಬೆರಳನ್ನು ನಾಲಗೆಗೆ ಒತ್ತಿ ಒದ್ದೆ ಮಾಡಿಕೊಂಡು ಗೀಟನ್ನು ಉಜ್ಜಿದ. ಒಂದು ಸಲ, ಇನ್ನೊಂದು ಸಲ. ಗೀಟು ಬೂದು ಕಲೆಯಾಯಿತು, ಆಮೇಲೆ ಕಲೆಯೂ ಹೋಯಿತು.

“ಹ್ಞಾಂ. ಈಗ ಸರಿಯಾಗಿದೆ,” ಎಂದು ಹೇಳಿ ಆಂಪ್ಲಿಗೆ ಕೂರಿಸಿದ.

ಅವನಿಗೆ ಗೊತ್ತಿತ್ತು. ಡಾಕ್ಟರ ಮನೆಯಲ್ಲಿ ನಿಂತಾಗಲೂ ಗೊತ್ತಿತ್ತು. ಇಷ್ಟು ದಿನ ಅವಳು, ಪಾಪ ಅವಮಾನದ ಬಿಸಿಯಲ್ಲಿ ಹಾಗೆ ಆಡಿಬಿಟ್ಟ, ಆಡಿದ್ದನ್ನು ತಾನೇ ನಂಬಿಕೊಂಡಿದ್ದಾನೆ ಎಂದುಕೊಂಡಿದ್ದಳು. ಮೋಸಹೋದ ಗಂಡನನ್ನು ಒಬ್ಬಳು ಕ್ಷಮಿಸಬಹುದು. ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡವನನ್ನು ಏನು ಮಾಡುವುದು?

ಡಾಕ್ಟರು ಬಂದು ಒಂಟಿ ಕುರ್ಚಿಯಲ್ಲಿ ಕೂತರು. ಅದೇ ಆಂಪ್ಲಿ, ಅದೇ ಕಾಯಿಲ್, ಎದುರಿಗೆ ಡಬ್ಬಣ್ಣನ ಹಾರ್ನು. ವಾಲ್ವು ಕೆಂಪಗಾದವು. ಹಾಡುವವಳು ಉಸಿರೆಳೆದುಕೊಂಡದ್ದೇ ತಡ, ಡಾಕ್ಟರು ತಮ್ಮ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದರು. ದನಿ ಕೋಣೆ ತುಂಬಿ, ಬಾಗಿಲಾಚೆ ಅಂಗಳಕ್ಕೂ ಹರಿಯಿತು. ಎದುರುಮನೆಯ ದರ್ಜಿ ಹೊಲಿಗೆ ನಿಲ್ಲಿಸಿದ. ಅಷ್ಟು ಚೆನ್ನಾಗಿ ಆ ಮನೆಯಲ್ಲಿ ಯಾವ ಜೋಡಿಯೂ ಹಾಡಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಂತಿಯಕ್ಕನಿಗೆ ತನ್ನ ಒಂದೊಂದು ಸುತ್ತೂ ಅದರೊಳಗೆ ಕೇಳುತ್ತಿತ್ತು. ಅಳು ಬಂತು, ಹೆಮ್ಮೆಯಿಂದಲೋ ಹೊಟ್ಟೆಯುರಿಯಿಂದಲೋ ಅವಳಿಗೇ ಬಗೆಹರಿಯಲಿಲ್ಲ.

“ಇವನ್ನೇ ತಗೊಂಡು ಹೋಗ್ತೀನಿ. ನಮ್ಮನೆಯೋಳು ಹೊರಗೆ ಹಾಕಿದ್ರೆ ಹಾಕ್ಲಿ,” ಎಂದರು ಡಾಕ್ಟರು. “ಹೋದ ಸಲ ಏನಾಗಿತ್ತು ಹಾಗಾದ್ರೆ?”

“ಹೇಳಿದ್ನಲ್ಲ ಡಾಕ್ಟ್ರೇ, ಸುತ್ತು ತಪ್ಪಿತ್ತು. ಬಿಚ್ಚಿಸಿ ಮತ್ತೆ ಸುತ್ತಿಸಿದೆ.”

“ಅಕ್ಕನಿಗೆ ಈಗ ಕಣ್ಣು ಸ್ವಲ್ಪ ಮಂಜು,” ಎಂದ ಡಬ್ಬಣ್ಣ, ಬಟ್ಟೆಯಿಂದ ತನ್ನ ಪೆಟ್ಟಿಗೆ ಒರೆಸುತ್ತ. ಯಾರೂ ಅವನನ್ನು ಕೇಳಿರಲಿಲ್ಲ. ಪೆಟ್ಟಿಗೆಯ ಮೇಲೆ ಹೊಸ ಹಿತ್ತಾಳೆ ತಗಡು ಹೊಳೆಯುತ್ತಿತ್ತು. ಅದರ ಮೇಲೆ ಅವನ ಹೆಸರು, ಆಂಪ್ಲಿಯ ಮೇಲೆ ಭಾವನ ಹೆಸರು.

ಡಾಕ್ಟರ ಆ ಇಬ್ಬರು ಸ್ನೇಹಿತರೂ ಬಂದು ಕೇಳಿ, ತಮಗೂ ಒಂದೊಂದು ಜೋಡಿ ಬೇಕೆಂದರು. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಮರುದಿನ ಬೆಳಗ್ಗೆ ಯಜಮಾನ ಹೊಸ ತಂತಿಯ ಉಂಡೆ, ಕಾಗದ, ಕಾಯಿಲಿನೊಳಗೆ ತೂರಿಸುವ ಕಬ್ಬಿಣದ ತಗಡಿನ ಕಟ್ಟು ತಂದು ಕಿಟಕಿಯ ಬಳಿ ಇಟ್ಟ. ಡಬ್ಬಣ್ಣ ಅಲ್ಲೇ ಚಹಾ ಕುಡಿಯುತ್ತ ನಿಂತಿದ್ದ.

“ಬೇಗ ಶುರು ಮಾಡು. ಹುಷಾರು ಮತ್ತೆ, ಈ ಸಲ ತಪ್ಪಬಾರದು,” ಎಂದು ಯಜಮಾನ ಕಣ್ಣು ಮಿಟುಕಿಸಿದ. ತಮಾಷೆ. ಡಬ್ಬಣ್ಣ ನಕ್ಕ.

ತಂತಿಯಕ್ಕ ಮಿಷನ್ನಿನ ಹಿಡಿಕೆಯ ಸ್ಕ್ರೂ ಬಿಚ್ಚುತ್ತಿದ್ದಳು. ಹಿಡಿಕೆ ಕಳಚಿ ಬಂತು. ಅದನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಗಂಡನ ಕೈಗೆ ಕೊಟ್ಟಳು.

“ನನ್ನ ಕೈ ತಪ್ಪುತ್ತೆ. ಹೊರಗೆ ಎಲ್ಲಾದ್ರೂ ಸುತ್ತಿಸ್ಕೊಳ್ಳಿ.”

“ಏಯ್, ಏನೇ ಇದು? ಹೊರಗೆ ಯಾರು ನಮ್ಮ ಹಾರ್ನಿನ ಅಳತೆಗೆ ಸುತ್ತುತ್ತಾರೆ? ತಮಾಷೆಗಂದೆ ಕಣೇ.”

“ತಮಾಷೆ ಅಲ್ಲ ರೀ. ನೀವು ನಾಲ್ಕು ಜನದ ಮುಂದೆ ಹೇಳಿದ್ರಿ, ಕೈ ತಪ್ಪುತ್ತೆ ಅಂತ. ಇವನು ಹೇಳಿದ, ಕಣ್ಣು ಮಂಜು ಅಂತ. ನಾನೂ ಹೌದು ಅಂದೆ. ಮನೇಲಿ ಇರೋ ಮೂರೂ ಜನ ಹೇಳಿದ ಮೇಲೆ ಅದು ಸುಳ್ಳು ಹೇಗಾಗುತ್ತೆ?” ದನಿಯಲ್ಲಿ ಜಗಳವಿರಲಿಲ್ಲ, ನಾಳೆಗೆ ಹಾಲು ಬೇಡ ಎಂದು ಹೇಳುವ ದನಿಯಲ್ಲಿ ಹೇಳಿದಳು. “ಸುಳ್ಳು ಅಂತಾದ್ರೆ ಹೇಳಿ. ನೀವಿಬ್ಬರಲ್ಲಿ ಯಾರಾದ್ರೂ ಒಬ್ರು ಹೇಳಿದ್ರೆ ಸಾಕು. ಹಿಡಿಕೆ ಈಗಲೇ ಹಾಕ್ತೀನಿ.”

ಹೇಳಲು ಒಂದೇ ಮಾತು ಸಾಕಿತ್ತು. ಎರಡು ವ್ಯಾಟಿನಷ್ಟೂ ಜೋರಾಗಿ ಹೇಳಬೇಕಾಗಿರಲಿಲ್ಲ. ಪಿಸುಗುಟ್ಟಿದ್ದರೂ ಅವಳಿಗೆ ಕೇಳುತ್ತಿತ್ತು. ಡಬ್ಬಣ್ಣ ಬಾಯಿ ತೆರೆದ, ಭಾವನ ಮುಖ ನೋಡಿದ, ತೆರೆದ ಬಾಯಿಗೆ ಚಹಾದ ಲೋಟ ಇಟ್ಟುಕೊಂಡ. ಲೋಟ ಆಗಲೇ ಬರಿದಾಗಿತ್ತು. ಯಜಮಾನ ಬಟ್ಟೆಯಲ್ಲಿ ಸುತ್ತಿದ ಹಿಡಿಕೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

ತಂತಿಯಕ್ಕ ಹೊಸ ತಂತಿಯ ಉಂಡೆಯನ್ನು ಪಕ್ಕಕ್ಕೆ ಸರಿಸಿ ಎದ್ದಳು. ಆಮೇಲೆ ಒಳಗೆ ಹೋಗಿ, ಬಾಣಲೆ ಕಾಯಿಸಿ, ಒಂದು ಹಿಡಿ ಮೆಣಸಿನಕಾಯಿ ಹಾಕಿ ಹುರಿದಳು. ಘಾಟು ಅಡುಗೆಮನೆ ದಾಟಿ ಕಿಟಕಿಯ ಬಳಿಯ ಮಿಷನ್ನಿನ ತನಕ ಬಂತು. ಗಂಡಸರಿಬ್ಬರೂ ಒಬ್ಬರಾದ ಮೇಲೊಬ್ಬರು ಸೀನಿದರು.